ಚಿತ್ರದ ಹಿಂದಿನ ಕಥೆ ತಿಳಿಯಬೇಕೇ, ಚಿತ್ರವೇ ಸಾಕೇ?

ಪ್ರಶ್ನೆ:
ಹಿಮದ ಹರಳಿನಿಂದ ಹಿಡಿದು ಅಪರಿಚಿತರ ಮುಖದವರೆಗೆ ಛಾಯಾಗ್ರಾಹಕರು ಆಯ್ದುಕೊಳ್ಳುವ ವಸ್ತುಗಳು ಬಗೆಬಗೆಯಾಗಿರುತ್ತವೆ. ಚಿತ್ರದ ಹಿನ್ನೆಲೆ ಗೊತ್ತಾದ ಮೇಲೆ ಅದನ್ನು ನಾವು ನೋಡುವ ರೀತಿ ನಿಜವಾಗಿಯೂ ಬದಲಾಗುತ್ತದೆಯೇ?

ಉತ್ತರ 1:
ನನ್ನ ಮಟ್ಟಿಗಂತೂ ಬದಲಾಗಿದೆ. ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಕೀಳುವ ಕೂಲಿಕಾರರ ಬಿಡಾರದಲ್ಲಿ ತೆಗೆದ ವಲಸೆ ತಾಯಿಯ ಚಿತ್ರವನ್ನೇ ನೋಡಿ: ಕೆನ್ನೆಗೆ ಬೆರಳು ತಾಗಿಸಿ ಎತ್ತಲೋ ನೋಡುತ್ತಿರುವ ತಾಯಿ, ಮುಖ ಮರೆಸಿಕೊಂಡು ಅವಳ ಹೆಗಲಿಗೆ ಒರಗಿದ ಇಬ್ಬರು ಮಕ್ಕಳು, ಮಡಿಲಲ್ಲಿ ಹಸುಗೂಸು. ಬಿಡಾರದ ಫಲಕವನ್ನು ದಾಟಿ ಸುಮಾರು 20 ಮೈಲಿ ಮುಂದೆ ಹೋಗಿದ್ದ ಲ್ಯಾಂಗ್, ಮನಸ್ಸು ತಡೆಯದೆ ಕಾರನ್ನು ಹಿಂದಕ್ಕೆ ತಿರುಗಿಸಿದ್ದಾಗಿ ತಾವೇ ಹೇಳಿಕೊಂಡಿದ್ದಾರೆ. ಆದರೆ ಆ ಹೆಂಗಸಿನ ಹೆಸರನ್ನು ಅವರು ಕೇಳಿರಲಿಲ್ಲ; ಅದು ಲೋಕಕ್ಕೆ ತಿಳಿದದ್ದು 1978ರಲ್ಲಿ.

ಉತ್ತರ 2:
ಎಲ್ಲ ಚಿತ್ರಕ್ಕೂ ಮನುಷ್ಯರ ಕಥೆಯೇ ಬೇಕೆಂದಿಲ್ಲ. ಅಮೆರಿಕದ ಛಾಯಾಗ್ರಾಹಕ ವಿಲ್ಸನ್ ಬೆಂಟ್ಲಿ 1885ರಿಂದ ಮೊದಲ್ಗೊಂಡು, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 5,000ಕ್ಕೂ ಹೆಚ್ಚು ಹಿಮದ ಹರಳುಗಳನ್ನು ಸೆರೆಹಿಡಿದರು. ಉಸಿರಿನ ಬಿಸಿ ತಾಕಿದರೂ ಹರಳು ಕರಗಿಹೋಗುತ್ತಿದ್ದುದರಿಂದ ಕೊರೆಯುವ ಚಳಿಯಲ್ಲೇ, ಉಸಿರು ಬಿಗಿಹಿಡಿದು ಕೆಲಸ ಮುಗಿಸಬೇಕಿತ್ತು. ಇದು ಗೊತ್ತಿಲ್ಲದವರಿಗೂ ಆ ಹರಳುಗಳ ಚೆಲುವು ಕಡಿಮೆಯಾಗಿ ಕಾಣುವುದಿಲ್ಲ.

ಉತ್ತರ 3:
ಕಥೆ ಅತಿಯಾದರೆ ಚಿತ್ರವು ಅದಕ್ಕೊಂದು ನೆಪವಾಗಿ ಉಳಿದುಬಿಡುತ್ತದೆ ಎಂಬ ಅಳುಕು ನನಗಿದೆ. ಹಾಗಾಗಿ ಅಡಿಬರಹವನ್ನು ಕೈಯಿಂದ ಮುಚ್ಚಿ ಮೊದಲು ಚಿತ್ರವನ್ನು ನೋಡುತ್ತೇನೆ, ಆಮೇಲಷ್ಟೇ ಓದುತ್ತೇನೆ.