ಆಕ್ಸಿಲೇಟರ್ ಒತ್ತಿದರೆ ಸ್ಪೀಕರ್‌ನಲ್ಲಿ ಕುಂಯ್ ಅನ್ನುತ್ತದೆ, ಎಲ್ಲಿಂದ ಹುಡುಕಲಿ?

ಹಾಸನದ_ಹಳೇಗಾಡಿ:
ನಮಸ್ಕಾರ ಎಲ್ಲರಿಗೂ. ನನ್ನದು 2013ರ ಪೆಟ್ರೋಲ್ ಕಾರು. ಹೋದ ತಿಂಗಳು ಹೊಸ ಸ್ಟೀರಿಯೊ, ಡಿಕ್ಕಿಯಲ್ಲಿ ನಾಲ್ಕು ಚಾನೆಲ್ ಆಂಪ್ (ಆಂಪ್ಲಿಫೈಯರ್) ಹಾಕಿಸಿದೆ. ಬರೀ ಕೀ ತಿರುಗಿಸಿ ಹಾಕಿದರೆ ಹಾಡು ಚೆನ್ನಾಗಿ ಬರುತ್ತದೆ. ಎಂಜಿನ್ ಸ್ಟಾರ್ಟ್ ಆಯಿತೋ, ಸಣ್ಣಗೆ ಕುಂಯ್ ಅಂತ ಶುರು, ಆಕ್ಸಿಲೇಟರ್ ಒತ್ತಿದ ಹಾಗೆ ಸದ್ದೂ ಮೇಲೇರುತ್ತದೆ, ಹೆಡ್‌ಲೈಟ್ ಹಾಕಿದರೆ ಇನ್ನೂ ಜಾಸ್ತಿ. ವಾಲ್ಯೂಮ್ ಸೊನ್ನೆ ಮಾಡಿದರೂ ಹೋಗಲ್ಲ. ಹಾಕಿಕೊಟ್ಟವರು ಸದ್ದು ತಡೆಯೋ ಫಿಲ್ಟರ್ ತಗೊಳ್ಳಿ ಅಂತಾರೆ. ಅಮ್ಮನ ಜೊತೆ ಊರಿಗೆ ಹೋಗುವಾಗ ಅವರು ಹಳೇ ಭಾವಗೀತೆ ಕೇಳಲಿ ಅಂತಲೇ ಇಷ್ಟು ಖರ್ಚು ಮಾಡಿದ್ದು. ಹತ್ತು ನಿಮಿಷಕ್ಕೆ ಆಫ್ ಮಾಡಪ್ಪಾ ಅಂದರು.

ತಂತಿ_ಮೀಟರ್:
ಫಿಲ್ಟರ್ ಈಗಲೇ ತರಬೇಡಿ. ಇದು ಆಲ್ಟರ್ನೇಟರ್ ಸದ್ದು, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುತ್ತಲ್ಲ, ಅದರದ್ದು. ಅದರಲ್ಲಿ ಹುಟ್ಟುವುದು ಎಸಿ, ಡಯೋಡ್‌ಗಳು ಅದನ್ನು ಡಿಸಿ ಮಾಡಿದರೂ ಸಣ್ಣ ಏರಿಳಿತ ಉಳಿದೇ ಇರುತ್ತದೆ, ಎಲ್ಲ ಕಾರಲ್ಲೂ. ಸ್ಟೀರಿಯೊ ಅರ್ತ್ (ಕಾರಿನ ತಗಡಿಗೆ ಸೇರೋ ನೆಗೆಟಿವ್ ತಂತಿ) ಒಂದು ಕಡೆ, ಆಂಪ್ ಅರ್ತ್ ಇನ್ನೊಂದು ಕಡೆ ಇದ್ದು, ಎರಡರಲ್ಲಿ ಒಂದು ಸಡಿಲವಾಗಿದ್ದರೆ ಆ ಏರಿಳಿತ ಆರ್‌ಸಿಎ ತಂತಿ (ಸ್ಟೀರಿಯೊದಿಂದ ಆಂಪ್‌ಗೆ ಹಾಡು ಒಯ್ಯುವ ತಂತಿ) ಹಿಡಿದು ಆಂಪ್‌ಗೆ ಬರುತ್ತದೆ. ವಾಲ್ಯೂಮ್ ಸೊನ್ನೆಯಲ್ಲೂ ಕೇಳಿಸುತ್ತೆ ಅಂದರೆ ವಾಲ್ಯೂಮ್ ದಾಟಿದ ಮೇಲೇ ಸೇರಿಕೊಳ್ಳುತ್ತಿದೆ, ಅಲ್ವಾ?
ಸ್ಟೀರಿಯೊ ಆಫ್ ಮಾಡಿ ಆಂಪ್‌ನಿಂದ ಆರ್‌ಸಿಎ ಕಿತ್ತುಬಿಡಿ. ಆಮೇಲೆ ಎಂಜಿನ್ ಓಡಿಸಿ, ಸ್ಟೀರಿಯೊ ಆನ್ ಮಾಡಿ ಕೇಳಿ. ಸದ್ದು ಹಾಗೇ ಇದ್ದರೆ ಆಂಪ್‌ನ ಪವರ್ ಅಥವಾ ಅರ್ತ್ ನೋಡಿ. ಹೋದರೆ, ಒಂದು ಫೋನನ್ನು ಅದೇ ಜಾಗಕ್ಕೆ ನೇರವಾಗಿ ಸೇರಿಸಿ ಹಾಡು ಹಾಕಿ, ಚಾರ್ಜರ್ ಮಾತ್ರ ಬೇಡ. ಆಗಲೂ ಸದ್ದಿಲ್ಲ ಅಂದರೆ ಆಂಪ್ ಸರಿ ಇದೆ, ತೊಂದರೆ ಮುಂದೆ ಸ್ಟೀರಿಯೊ ಕಡೆ.

ಮಲ್ನಾಡ್_ಡ್ರೈವರ್:
ಪವರ್ ಕೇಬಲ್, ಆರ್‌ಸಿಎ ಎರಡೂ ಒಂದೇ ಬದಿಯಲ್ಲಿ ಎಳೆದಿದ್ದಾರಾ ಅಂತಲೂ ನೋಡಿ ಸರ್. ಬೇರೆ ಬೇರೆ ಬದಿಯಲ್ಲಿ ಇರಬೇಕು. ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ಯಾಟರಿ ಪಕ್ಕ, ಒಂದೂವರೆ ಅಡಿಯೊಳಗೆ ಫ್ಯೂಸ್ ಇದೆಯಾ? ನನ್ನ ಗಾಡಿಯಲ್ಲಿ ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಹಾಕಿರಲಿಲ್ಲ, ತಗಡಿನ ಅಂಚು ಕೇಬಲ್ ಮೇಲಿನ ಪ್ಲಾಸ್ಟಿಕ್ ಉಜ್ಜಿ ಉಜ್ಜಿ ತಾಮ್ರ ಕಾಣಿಸುತ್ತಿತ್ತು. ಅಲ್ಲಿ ತಾಮ್ರ ಕಾರಿನ ತಗಡಿಗೆ ತಾಗಿದರೆ, ಡಿಕ್ಕಿಯಲ್ಲಿರೋ ಫ್ಯೂಸ್ ಏನೂ ಕಾಪಾಡಲ್ಲ.

ಹಾಸನದ_ಹಳೇಗಾಡಿ:
ಭಾನುವಾರ ಇಡೀ ಇದೇ ಕೆಲಸ. ಆರ್‌ಸಿಎ ಕಿತ್ತೆ, ಸದ್ದು ನಿಂತಿತು. ಫೋನ್ ಸೇರಿಸಿದೆ, ಹಾಡು ಚೊಕ್ಕ. ಕೇಬಲ್‌ಗಳು ಬೇರೆ ಬೇರೆ ಬದಿಯಲ್ಲೇ ಇವೆ. ಸ್ಟೀರಿಯೊ ಹೊರಗೆ ಎಳೆದು ನೋಡಿದರೆ ಅರ್ತ್‌ನ ಕಪ್ಪು ತಂತಿಯನ್ನು ಹಳೇ ವೈರಿಂಗ್‌ಗೆ ಸುಮ್ನೆ ತಿರುಚಿ ಟೇಪ್ ಸುತ್ತಿದ್ದಾರೆ. ಟೇಪ್ ಬಿಸಿಲಿಗೆ ಅಂಟು ಬಿಟ್ಟು ಜಾರಿತ್ತು, ಒಳಗಿನ ಹಳೇ ತಾಮ್ರ ಹಸಿರಾಗಿತ್ತು. ಈಗ ಮೀಟರಲ್ಲಿ ಏನು ನೋಡಲಿ?

ತಂತಿ_ಮೀಟರ್:
ಸಿಕ್ಕಿತು ನೋಡಿ! ಓಮ್‌ನಲ್ಲಿ ಅಳೆಯಬೇಡಿ, ಅದರಲ್ಲಿ ಇಂಥದ್ದು ಗೊತ್ತಾಗಲ್ಲ. ಡಿಸಿ ವೋಲ್ಟ್‌ಗೆ ಇಟ್ಟು, ಉದ್ದ ತಂತಿ ಸೇರಿಸಿ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಸ್ಟೀರಿಯೊದ ಲೋಹದ ಕವಚಕ್ಕೆ. ಎಂಜಿನ್ ಓಡುತ್ತಿರಲಿ, ಹಾಡೂ ಇರಲಿ. 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ಆಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಹೊಸ ಕಪ್ಪು ತಂತಿ ಎಳೆಯಿರಿ, ಆಂಪ್‌ನ ಅರ್ತ್ ಇರೋ ಬೋಲ್ಟ್‌ಗೇ ತಂದು ಕಟ್ಟಿ. ಅಲ್ಲಿ ಪೇಂಟ್ ಹೋಗಿ ತಗಡು ಹೊಳೆಯುವ ತನಕ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಕೆಲಸ ಮುಗಿದ ಮೇಲೆ ತುಕ್ಕು ಹಿಡಿಯದ ಹಾಗೆ ಗ್ರೀಸ್ ಸವರಿ.

ಹಾಸನದ_ಹಳೇಗಾಡಿ:
ಮೊದಲು 0.62 ಇತ್ತು, ಈಗ 0.03! ಹೆಡ್‌ಲೈಟ್, ಎಸಿ ಎಲ್ಲ ಹಾಕಿ ಆಕ್ಸಿಲೇಟರ್ ಒತ್ತಿದೆ, ಒಂಚೂರೂ ಸದ್ದಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫ್ಯೂಸ್ ಮಾತ್ರ ಡಿಕ್ಕಿಯಲ್ಲೇ ಇದೆ ಸರ್, ನಾಳೆ ಬ್ಯಾಟರಿ ಹತ್ತಿರ ಹಾಕಿಸುತ್ತೇನೆ. ಆಂಪ್‌ನಲ್ಲಿ 25 ಆಂಪಿಯರ್ ಫ್ಯೂಸ್ ಎರಡಿವೆ, ಕೇಬಲ್ ದಪ್ಪ 8 ಗೇಜ್. ಎಷ್ಟರದ್ದು ಹಾಕಲಿ?

ಮಲ್ನಾಡ್_ಡ್ರೈವರ್:
ಕೇಬಲ್ ಅಪ್ಪಟ ತಾಮ್ರ ಆಗಿದ್ದರೆ 50 ಆಂಪಿಯರ್. ತುದಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ ಇರಬಹುದು, ಅದಕ್ಕೆ 50 ಹಾಕಬೇಡಿ, ಕೇಬಲ್ಲನ್ನೇ ಬದಲಾಯಿಸಿ. ಆ ತೂತಿಗೆ ರಬ್ಬರ್ ಇದೆಯಾ ಅಂತಲೂ ನೋಡಿಬಿಡಿ.