ಮಲೆನಾಡಲ್ಲಿ ಮತ್ತಿ ಮರದ ಡೆಕ್: ವಾರ್ನಿಷ್ ಏಳ್ತಿದೆ, ಪಾಚಿ ಜಾರ್ತಿದೆ

ತೋಟದಮನೆ
ಜಾಗ ಸಕಲೇಶಪುರದ ಹತ್ತಿರ. ಮನೆ ಹಿಂದೆ 20 ಅಡಿ ಉದ್ದ, 10 ಅಡಿ ಅಗಲದ ಮರದ ಡೆಕ್ (ಬಯಲಲ್ಲಿ ಹಲಗೆ ಹಾಸಿದ ಜಗಲಿ) ಇದೆ. ಹಲಗೆ ಮತ್ತಿ, 25 ಮಿ.ಮೀ. ದಪ್ಪ. ಕೆಳಗಿನ ಜಂತೆ ಸಿಲ್ವರ್ ಓಕ್. ಮೂರು ವರ್ಷದ ಹಿಂದೆ ಪಿಯು (ಪಾಲಿಯುರೆಥೇನ್) ವಾರ್ನಿಷ್ ಎರಡು ಕೋಟ್ ಹೊಡೆದಿದ್ದು ಈಗ ಚಕ್ಕೆ ಚಕ್ಕೆಯಾಗಿ ಏಳ್ತಿದೆ. ಎದ್ದ ಕಡೆ ಮರ ಕಪ್ಪಾಗಿದೆ, ಪ್ರತಿ ಸ್ಕ್ರೂ ಸುತ್ತ ಶಾಯಿ ಚೆಲ್ಲಿದ ಹಾಗೆ ಕಲೆ. ಮರದ ನೆರಳು ಬೀಳೋ ಅರ್ಧಕ್ಕೆ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಮೇಲೆ ಇನ್ನೊಂದು ಕೋಟ್ ವಾರ್ನಿಷ್ ಹೊಡೆದರೆ ಆಯ್ತು ಅಂತಾರೆ ಪೇಂಟರ್. ಅದು ಸರಿನಾ? ಏನೇನು ಸಾಮಾನು, ಎಷ್ಟೆಷ್ಟು ಬೇಕು, ಯಾವ ತಿಂಗಳಲ್ಲಿ ಮಾಡಬೇಕು, ಗೊತ್ತಿದ್ದವರು ಹೇಳಿ.

ಉಳಿಬಾಚಿ
ವಾರ್ನಿಷ್ ಮೇಲೆ ವಾರ್ನಿಷ್ ಬೇಡ. ಬಿಸಿಲಿನ ನೇರಳಾತೀತ ಕಿರಣ ಪಾರದರ್ಶಕ ಪದರವನ್ನು ದಾಟಿ ಒಳಗಿನ ಮರದ ಮೇಲ್ಮೈಯನ್ನೇ ಪುಡಿ ಮಾಡುತ್ತೆ. ಪದರ ಗಟ್ಟಿಯಾಗೇ ಇರುತ್ತೆ, ಅದು ಹಿಡಿದುಕೊಂಡಿದ್ದ ಮರ ಮಾತ್ರ ಸಡಿಲ. ಆಮೇಲೆ ಹಲಗೆಯ ತುದಿಯಿಂದಲೋ ಸ್ಕ್ರೂ ತೂತಿನಿಂದಲೋ ಒಳಗೆ ಹೋದ ನೀರಿಗೆ ಹೊರಬರೋಕೆ ದಾರಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯೋ ಊರಲ್ಲಿ ನೆಲಕ್ಕೆ ಹಾಸಿದ ಹಲಗೆಗೆ ಪದರ ಕಟ್ಟೋ ಯಾವ ಬಣ್ಣವೂ ಬಾಳಲ್ಲ. ಒಳಕ್ಕೆ ಇಂಗೋ ಎಣ್ಣೆಯೇ ಬೇಕು.

ಅದಕ್ಕೂ ಮೊದಲು ಜಂತೆ ನೋಡಿ. ನಿಜವಾದ ಭಯ ಇರೋದು ಅಲ್ಲಿ. ಮತ್ತಿ ಗಟ್ಟಿ ಮರ, ಸಿಲ್ವರ್ ಓಕ್ ಹಾಗಲ್ಲ, ಹಸಿ ಹಿಡಿದರೆ ಬೇಗ ಕೊಳೆಯುತ್ತೆ. ಎರಡು ಮೂರು ಹಲಗೆ ಬಿಚ್ಚಿ, ಜಂತೆಯ ಮೇಲ್ಮೈಗೆ ಸ್ಕ್ರೂಡ್ರೈವರ್ ಒತ್ತಿ. 5 ಮಿ.ಮೀ.ಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ಆ ಜಂತೆ ಹೋಯ್ತು ಅಂತಲೇ ಲೆಕ್ಕ. ಬದಲಿಗೆ ಮತ್ತಿ ಅಥವಾ ಗ್ಯಾಲ್ವನೈಸ್ ಮಾಡಿದ ಕಬ್ಬಿಣದ ಚೌಕ ಪೈಪು ಹಾಕಿಸಿ, ನಡುವೆ ಅಂತರ 400 ಮಿ.ಮೀ. ಮೀರಬಾರದು. ಗಟ್ಟಿಯಿದ್ದರೆ ಪ್ರತಿ ಜಂತೆಯ ತಲೆ ಮೇಲೆ ಬ್ಯುಟೈಲ್ ಟೇಪ್ (ನೀರು ತಡೆಯೋ ರಬ್ಬರಿನ ಅಂಟುಪಟ್ಟಿ) ಅಂಟಿಸಿ, ನೀರು ನಿಲ್ಲೋದು ಸ್ಕ್ರೂ ಇಳಿಯೋ ಆ ಜಾಗದಲ್ಲೇ. ಜಂತೆ ಮಣ್ಣಿಗೆ ತಾಗ್ತಿದ್ದರೆ ಮಣ್ಣು ಕೆರೆದು ಗಾಳಿಗೆ ಜಾಗ ಮಾಡಿ. ಬೋರಾಕ್ಸ್ ಹೊಡೆಸಿ ಅಂತ ಯಾರಾದರೂ ಹೇಳಬಹುದು. ಮನೆ ಒಳಗಿನ ಮರಕ್ಕೆ ಅದು ಒಳ್ಳೆಯದೇ, ಮಳೆ ಬೀಳೋ ಕಡೆ ತೊಳೆದು ಹೋಗುತ್ತೆ.

ವಾರ್ನಿಷ್ ತೆಗೆಯೋಕೆ ಸ್ಯಾಂಡಿಂಗ್ ಮೆಷಿನ್ನೇ ದಾರಿ. ಮೊದಲು ಸ್ಕ್ರೂ ತಲೆಗಳನ್ನ 2-3 ಮಿ.ಮೀ. ಒಳಕ್ಕೆ ಇಳಿಸಿ, ಇಲ್ಲದಿದ್ದರೆ ಬೆಲ್ಟ್ ಹರಿಯುತ್ತೆ. 40 ನಂಬರ್ ಪೇಪರಿನಿಂದ ಪದರ ತೆಗೆದು 60ಕ್ಕೆ ನಿಲ್ಲಿಸಿ, ಹೆಚ್ಚೆಂದರೆ 80. ನುಣ್ಣಗಾಗಲಿ ಅಂತ 120, 180ಕ್ಕೆ ಹೋದರೆ ಮೊದಲೇ ಒತ್ತಾದ ಮತ್ತಿಯ ರಂಧ್ರ ಇನ್ನಷ್ಟು ಮುಚ್ಚಿಕೊಂಡು ಎಣ್ಣೆ ಮೇಲೇ ಕೂರುತ್ತೆ. ಮಾಸ್ಕ್ ಹಾಕದೆ ಈ ಕೆಲಸಕ್ಕೆ ಕೂರಬೇಡಿ.

ಆಮ್ಲಕ್ಷಾರ
ಬ್ಲೀಚಿಂಗ್ ಪೌಡರ್ ಬಾವಿಗೆ ಸರಿ, ಡೆಕ್‌ಗಲ್ಲ. ಪಾಚಿಯೇನೋ ಸಾಯುತ್ತೆ, ಆದರೆ ಮರದ ನಾರು ಸಡಿಲವಾಗಿ ಎದ್ದು ನಿಲ್ಲುತ್ತೆ, ಸ್ಕ್ರೂಗೆ ತುಕ್ಕು, ಸಂದಿಯಲ್ಲಿ ಸುಣ್ಣದ ಬಿಳಿ ಬೇರೆ. ನಿಮ್ಮ ಡೆಕ್‌ನಲ್ಲಿ ಎರಡು ಬೇರೆ ಬೇರೆ ಕಲೆ ಇವೆ, ಎರಡಕ್ಕೂ ಮದ್ದು ಬೇರೆ.

ಪಾಚಿ, ಬೂಷ್ಟಿಗೆ ಸೋಡಿಯಂ ಪರ್‌ಕಾರ್ಬೊನೇಟ್. ಆನ್‌ಲೈನ್‌ನಲ್ಲಿ ಸಿಗುತ್ತೆ. ಲೀಟರ್ ಬಿಸಿನೀರಿಗೆ 80 ಗ್ರಾಂ. ನಿಮ್ಮ 200 ಚದರಡಿಗೆ 10 ಲೀಟರ್ ದ್ರಾವಣ, ಅಂದರೆ 800 ಗ್ರಾಂ ಪುಡಿ. ಕಲಸಿದ ಕೂಡಲೇ ಬಳಸಿ, ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ ಆಮ್ಲಜನಕ ತುಂಬಿ ಡಬ್ಬಿ ಉಬ್ಬುತ್ತೆ. ಹಲಗೆ ಮೇಲೆ 15-20 ನಿಮಿಷ ನೊರೆಯಾಡಲಿ, ಒಣಗೋಕೆ ಬಿಡಬೇಡಿ. ಆಮೇಲೆ ನಾರಿನ ಅಥವಾ ನೈಲಾನ್ ಬ್ರಷ್ಷಿನಿಂದ ಎಳೆಯ ಉದ್ದಕ್ಕೇ ಉಜ್ಜಿ ತೊಳೆಯಿರಿ. ತಂತಿ ಬ್ರಷ್, ಸ್ಟೀಲ್ ವೂಲ್ ಮುಟ್ಟಲೇಬೇಡಿ. ಅದರ ಕಬ್ಬಿಣದ ಚೂರು ಮರದಲ್ಲಿ ಉಳಿದು, ಮೊದಲ ಮಳೆಗೇ ಡೆಕ್ ತುಂಬಾ ಕಪ್ಪು ಚುಕ್ಕಿ.

ಸ್ಕ್ರೂ ಸುತ್ತಲಿನ ಶಾಯಿ ಕಲೆ ನಿಜಕ್ಕೂ ಶಾಯಿಯೇ. ಮತ್ತಿಯಲ್ಲಿ ಟ್ಯಾನಿನ್, ಅಂದರೆ ಒಗರಿನ ಅಂಶ, ಜಾಸ್ತಿ, ಅದು ಕಬ್ಬಿಣಕ್ಕೆ ಸೇರಿದರೆ ಹಳೇ ಕಾಲದ ಬರೆಯೋ ಶಾಯಿ ಆದಂತೆ. ಇದಕ್ಕೆ ಆಕ್ಸಾಲಿಕ್ ಆಸಿಡ್, ಮೊಸಾಯಿಕ್ ನೆಲ ಪಾಲಿಶ್ ಮಾಡುವವರು ಬಳಸೋ ಬಿಳಿ ಪುಡಿ. ಲೀಟರ್ ಬೆಚ್ಚನೆ ನೀರಿಗೆ 100 ಗ್ರಾಂ, ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಇಡೀ ಡೆಕ್‌ಗೆ 4-5 ಲೀಟರ್ ಸಾಕು. ಕಲೆಗಷ್ಟೇ ಹಚ್ಚಿದರೆ ಅಲ್ಲಲ್ಲಿ ಬೆಳ್ಳಗಿನ ವೃತ್ತ ಬೀಳುತ್ತೆ, ಆದ್ದರಿಂದ ಹಲಗೆಯ ಪೂರ್ತಿ ಉದ್ದಕ್ಕೆ ಹಚ್ಚಿ. 20 ನಿಮಿಷ ಬಿಟ್ಟು ಎರಡು ಸಲ ತೊಳೆಯಿರಿ. ಪರ್‌ಕಾರ್ಬೊನೇಟ್ ಕ್ಷಾರ, ಅದರಿಂದ ಮತ್ತಿ ಮೊದಲಿಗಿಂತ ಕಪ್ಪಾದ ಹಾಗೆ ಕಾಣುತ್ತೆ, ಗಾಬರಿ ಬೇಡ. ಆಕ್ಸಾಲಿಕ್ ಬಿದ್ದ ಮೇಲೆ ಬಣ್ಣ ತಿಳಿಯಾಗುತ್ತೆ. ಪುಡಿ ವಿಷ: ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಮಕ್ಕಳು ನಾಯಿ ದೂರ. ಬ್ಲೀಚ್ ಜೊತೆ ಆಸಿಡ್ ಯಾವತ್ತೂ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತೆ. ಪೇಂಟರ್ ಆಗಲೇ ಬ್ಲೀಚಿಂಗ್ ಹಾಕಿಬಿಟ್ಟಿದ್ದರೆ ಚೆನ್ನಾಗಿ ತೊಳೆದು ಕೆಲವು ದಿನ ಬಿಟ್ಟು ಇದಕ್ಕೆ ಕೈ ಹಾಕಿ.

ಹಳೇ ಸ್ಕ್ರೂ ಅಲ್ಲೇ ಇದ್ದರೆ ಕಲೆ ವಾಪಸ್ ಬರೋದು ಖಂಡಿತ. 304 ಸ್ಟೇನ್‌ಲೆಸ್, 8 ನಂಬರ್, ಎರಡೂವರೆ ಇಂಚಿನ ಸ್ಕ್ರೂ ಹಾಕಿ. ಮತ್ತಿಗೆ ಮೊದಲು 3 ಮಿ.ಮೀ. ತೂತು ಕೊರೆಯದೆ ತಿರುಗಿಸಿದರೆ ಸ್ಟೇನ್‌ಲೆಸ್ ಕತ್ತಿನಲ್ಲಿ ಪಟ್ಟನೆ ಮುರಿಯುತ್ತೆ.

ತೋಟದಮನೆ
ಜಂತೆ ಚುಚ್ಚಿ ನೋಡಿದ್ದಾಯ್ತು, ಒಟ್ಟು ಏಳರಲ್ಲಿ ಎರಡು ಮೆತ್ತಗಿವೆ. ಇನ್ನೊಂದು ಪ್ರಶ್ನೆ: ಎಣ್ಣೆ ಅಂದರೆ ಅಗಸೆ ಎಣ್ಣೆ ಸಾಕಾ? ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿ ಅಂತ ಒಬ್ಬರು ಹೇಳ್ತಾರೆ.

ಕಡಲತಡಿ
ಗೇರೆಣ್ಣೆ ಒಳ್ಳೆಯ ಸಾಮಾನು, ಆದರೆ ಜಾಗ ಬೇರೆ. ನಮ್ಮ ಕರಾವಳಿಯಲ್ಲಿ ದೋಣಿಗೆ, ಮರದ ಕಂಬಕ್ಕೆ ಹಚ್ಚೋದು ಅದನ್ನೇ. ಗೆದ್ದಲು, ನೀರು ಎರಡನ್ನೂ ತಡೆಯುತ್ತೆ. ಹೊಸ ಜಂತೆಗೆ, ಹಲಗೆಯ ತಳಕ್ಕೆ ಧಾರಾಳವಾಗಿ ಹಚ್ಚಿ. ಮೇಲ್ಮೈಗೆ ಬೇಡ: ಕಪ್ಪಾಗಿ ಹೋಗುತ್ತೆ, ಸರಿಯಾಗಿ ಒಣಗೋವರೆಗೆ ಅಂಟುತ್ತೆ, ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತೆ. ಬರಿಗಾಲಲ್ಲಿ ಓಡಾಡೋ ಜಾಗ ಅಲ್ವಾ ಅದು.

ಬರೀ ಅಗಸೆ ಎಣ್ಣೆ ಮಲೆನಾಡಿಗೆ ಆಗಿಬರಲ್ಲ. ನಿಧಾನಕ್ಕೆ ಒಣಗುತ್ತೆ, ಬೂಷ್ಟಿಗೆ ಅದೇ ಊಟ. ಡೆಕ್ ಆಯಿಲ್ ಅಂತ ಡಬ್ಬಿಯಲ್ಲಿ ಬರೋದನ್ನೇ ತಗೊಳ್ಳಿ. ಶಿಲೀಂಧ್ರನಾಶಕ ಇರೋದು, ಬಣ್ಣ ಬೆರೆತದ್ದು. ಕ್ಲಿಯರ್ ಅಂತ ಬರೆದಿದ್ದರೆ ವಾಪಸ್ ಇಡಿ. ಬಿಸಿಲು ತಡೆಯೋದು ಅದರೊಳಗಿನ ಕಂದು ಬಣ್ಣದ ಕಣಗಳು, ಎಣ್ಣೆಯಲ್ಲ.

ಉಳಿಬಾಚಿ
ಹಚ್ಚೋ ಕ್ರಮ. ಕಾಲ ಜನವರಿ, ಫೆಬ್ರವರಿ. ಕಾಫಿ ಹೂವರಳಿಸೋ ಹೂಮಳೆ ಬರೋ ಮೊದಲೇ ಮುಗಿಸಿ. ತೊಳೆದ ಮೇಲೆ ಕಡಿಮೆ ಅಂದರೂ ನಾಲ್ಕು ಬಿಸಿಲು ದಿನ ಬಿಡಿ. ಮೀಟರ್ ಇದ್ದರೆ ತೇವಾಂಶ ಶೇ 15ಕ್ಕೆ ಇಳಿದಿರಲಿ. ಇಲ್ಲದಿದ್ದರೆ ಒಂದು ಅಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ, ಒಳಗೆ ಬೆವರು ಕಂಡರೆ ಇನ್ನೂ ಹಸಿ. ಹಾಗಂತ ಉಜ್ಜಿದ ಮರವನ್ನ ವಾರಕ್ಕಿಂತ ಜಾಸ್ತಿ ಬಿಸಿಲಲ್ಲೂ ಬಿಡಬೇಡಿ.

ಇಬ್ಬನಿ ಪೂರ್ತಿ ಆರಿದ ಮೇಲೆ ಹತ್ತು ಗಂಟೆಗೆ ಶುರು ಮಾಡಿ, ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿ. ನಿಮ್ಮ ಅಳತೆಗೆ ಎರಡು ಕೋಟ್‌ಗೆ 4 ಲೀಟರ್ ಸಾಕು. ಎರಡೇ ಹಲಗೆ ಹಿಡಿದು ಈ ತುದಿಯಿಂದ ಆ ತುದಿವರೆಗೆ ಮುಗಿಸಿ, ಆಮೇಲೆ ಮುಂದಿನ ಎರಡು. ನಡುವೆ ನಿಲ್ಲಿಸಿದರೆ ಒಣಗಿದ ಅಂಚಿನ ಗೆರೆ ಉಳಿಯುತ್ತೆ. 15-20 ನಿಮಿಷ ಬಿಟ್ಟು, ಇಂಗದೆ ಉಳಿದದ್ದನ್ನ ಬಟ್ಟೆಯಿಂದ ಒರೆಸಲೇಬೇಕು. ಈ ಒರೆಸೋದನ್ನ ಬಿಟ್ಟ ಡೆಕ್‌ಗಳೇ ತಿಂಗಳಾದರೂ ಅಂಟಂಟು. ಹಲಗೆಯ ಕತ್ತರಿಸಿದ ತುದಿಗೆ ಮೂರು ಸಲ ಕುಡಿಸಿ.

ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಒಣಗೋ ಎಣ್ಣೆ ಬಿಸಿ ಹುಟ್ಟಿಸುತ್ತೆ, ಮುದ್ದೆಯೊಳಗೆ ತಾನಾಗೇ ಬೆಂಕಿ ಹತ್ತುತ್ತೆ. ನೀರಲ್ಲಿ ನೆನೆಸಿ, ಬಯಲಲ್ಲಿ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ಬೂದುಬಣ್ಣ
ಎಣ್ಣೆಯೇ ಬೇಡ ಅನ್ನೋ ದಾರಿಯೂ ಇದೆ. ಬಿಟ್ಟರೆ ಮರ ಬೂದು ಬಣ್ಣಕ್ಕೆ ತಿರುಗುತ್ತೆ, ಬಲವೇನೂ ಕಡಿಮೆ ಆಗಲ್ಲ. ಆದರೆ ಮೈಸೂರಲ್ಲಿ ಬೆಳ್ಳಿ ಬೂದಾಗೋ ಮರ ನಿಮ್ಮಲ್ಲಿ ಬೂಷ್ಟು ಹಿಡಿದು ಮಸಿ ಬಣ್ಣ ಆದೀತು. ಬಿಸಿಲಿನ ಅರ್ಧಕ್ಕೆ ಆಗಬಹುದು, ನೆರಳಿನ ಅರ್ಧಕ್ಕೆ ಬೇಡ.

ನೆರಳಿನ ಪಾಚಿಗೆ ಯಾವ ಡಬ್ಬಿಗಿಂತ ಕತ್ತಿಯೇ ಮದ್ದು. ಮೇ ಒಳಗೆ ಮೇಲಿನ ರೆಂಬೆ ಕಡಿಸಿ. ಹಲಗೆ ನಡುವೆ 5-6 ಮಿ.ಮೀ. ಸಂದಿ ಇದೆಯಾ ನೋಡಿ, ಸಿಲ್ವರ್ ಎಲೆ ತುಂಬಿದ್ದರೆ ಪೇಂಟರ್ ಪಟ್ಟಿಯಿಂದ ಕೆರೆದು ತೆಗೆಯಿರಿ. ರಬ್ಬರ್ ಮ್ಯಾಟ್ ಎತ್ತಿಡಿ, ಹೂಕುಂಡದ ಕೆಳಗೆ ಒಂದು ಇಂಚಿನ ಕಾಲು ಕೊಡಿ. ಪ್ರೆಷರ್ ವಾಷರ್ ಇದ್ದರೆ ಅಗಲ ಬೀಸಿನ ನಳಿಕೆ ಹಾಕಿ, ಒಂದು ಅಡಿ ದೂರದಿಂದ, ಒತ್ತಡ 1,000 ಪಿಎಸ್‌ಐ ಒಳಗೆ; ಹತ್ತಿರ ಹಿಡಿದರೆ ಹಲಗೆ ಮೇಲೆ ಗೀರು ಬೀಳುತ್ತೆ. ಮಳೆಗಾಲ ಕಳೆದು ಅಕ್ಟೋಬರ್ ಕೊನೆಗೆ ಒಮ್ಮೆ ತೊಳೆದು, ಹಲಗೆ ಮೇಲೆ ನೀರು ಚಿಮುಕಿಸಿ. ಹನಿ ನಿಂತರೆ ಎಣ್ಣೆ ಇನ್ನೂ ಇದೆ. ಒಂದೆರಡು ನಿಮಿಷದಲ್ಲಿ ಹೀರಿಕೊಂಡರೆ ಜನವರಿಗೆ ಒಂದು ಕೋಟ್, ಅದಕ್ಕೆ ಸ್ಯಾಂಡಿಂಗ್ ಮತ್ತೆ ಬೇಕಿಲ್ಲ.

ತೋಟದಮನೆ
ಪೇಂಟರ್‌ಗೆ ಸದ್ಯಕ್ಕೆ ಬೇಡ ಅಂದೆ. ಎರಡು ಜಂತೆಗೆ ಮತ್ತಿ ಸಿಗುತ್ತಾ ಅಂತ ಸಾಮಿಲ್‌ನಲ್ಲಿ ವಿಚಾರಿಸ್ತೀನಿ. ಜನವರಿವರೆಗೆ ಪಾಚಿಯ ಅರ್ಧಕ್ಕೆ ಪರ್‌ಕಾರ್ಬೊನೇಟ್ ಮಾತ್ರ ಹಾಕಿ ತೊಳೆದಿಟ್ಟರೆ ತೊಂದರೆ ಇಲ್ಲ ತಾನೇ?

ಆಮ್ಲಕ್ಷಾರ
ತೊಂದರೆ ಇಲ್ಲ. ವಾರ್ನಿಷ್ ಉಳಿದ ಕಡೆ ಅದು ಕೆಲಸ ಮಾಡಲ್ಲ, ಬರೀ ಮರ ಕಾಣೋ ಕಡೆಗಷ್ಟೇ ಹಾಕಿ. ಪಕ್ಕದಲ್ಲಿ ಗಿಡ ಇದ್ದರೆ ಮೊದಲು ಎಲೆಗೆ ಬುಡಕ್ಕೆ ನೀರು ಹೊಡೆದು ನೆನೆಸಿಡಿ.