ಮೊದಲನೇ ಸುಳ್ಳಿಗೆ ಮಾಫಿ, ಎರಡನೇದಕ್ಕೆ ಇಲ್ಲ

ಎಲ್ರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ. ಪುಟ್ಟಿ ಬೆಳಿಗ್ಗೆ ಕೇಳಿದ್ದಕ್ಕೂ, ಅದಕ್ಕೆ ಮಾವ ಹೇಳಿದ್ದಕ್ಕೂ ಸೇರಿಸಿ ಉತ್ತರ ಕೊಡ್ತಿದೀನಿ.

ಪುಟ್ಟಿ ಬರೆದಿರೋ ಕತೇಲಿ ಮಾಂತ್ರಿಕ ಕೊನೇಲಿ ಕೋಟೆ ಕಂದಕದ ನೀರನ್ನೆಲ್ಲ ಒಂದೇ ಮಂತ್ರಕ್ಕೆ ಕುದಿಸಿ ಶತ್ರುಗಳನ್ನ ಓಡಿಸ್ತಾನೆ. ಓದಿದ ಫ್ರೆಂಡ್ಸೆಲ್ಲ ಸಪ್ಪೆ ಅಂದ್ರಂತೆ, ಯಾಕೆ ಅಂತ ಅವಳ ಪ್ರಶ್ನೆ. ಮಾವ ಹೇಳಿದ್ದು, ಸೈನ್ಸ್ ಫಿಕ್ಷನ್, ಫ್ಯಾಂಟಸಿ ಎರಡೂ ಸುಳ್ಳೇ ತಾನೆ, ಸುಳ್ಳಲ್ಲಿ ಲಾಜಿಕ್ ಹುಡುಕಬಾರದು ಅಂತ.

ಮಾವ, ಇದೊಂದು ಮಾತು ನಾನು ಒಪ್ಪಲ್ಲ. ಒಂದು ಸುಳ್ಳು ಮುಚ್ಚೋಕೆ ನೂರು ಸುಳ್ಳು ಹೇಳಬೇಕು ಅಂತಾರಲ್ಲ, ಇಂಥ ಕತೆಗಳು ಕೆಡೋದೇ ಅಲ್ಲಿ. ಮೊದಲನೇ ಸುಳ್ಳನ್ನ ಓದುಗ ಖುಷಿಯಿಂದ ನುಂಗ್ತಾನೆ. ಮಂತ್ರ ಇದೆ ಅಂದ್ರೆ ಇದೆ, ಬೆಳಕಿಗಿಂತ ಜೋರಾಗಿ ಹೋಗೋ ನೌಕೆ ಇದೆ ಅಂದ್ರೂ ಸರಿ. ಆದ್ರೆ ಅಲ್ಲಿಂದ ಮುಂದೆ ಪ್ರತಿಯೊಂದಕ್ಕೂ ಲೆಕ್ಕ ಒಪ್ಪಿಸ್ಬೇಕು. ಸೈನ್ಸ್ ಫಿಕ್ಷನ್ನಿನವರು ಪ್ರಕೃತಿಯ ನಿಯಮಕ್ಕೆ ಲೆಕ್ಕ ಕೊಡ್ಬೇಕು, ಫ್ಯಾಂಟಸಿಯವರು ತಾವೇ ಮಾಡಿದ ನಿಯಮಕ್ಕೆ. ನನ್ನ ಪ್ರಕಾರ ಎರಡಕ್ಕೂ ಇರೋ ವ್ಯತ್ಯಾಸ ಇಷ್ಟೇ. ರಾಕೆಟ್ ಇದ್ರೆ ಅದು, ರಾಜಕುಮಾರಿ ಇದ್ರೆ ಇದು ಅನ್ನೋದೆಲ್ಲ ಬರೀ ವೇಷ.

ಈಗ ಕಂದಕಕ್ಕೆ ಬರೋಣ. ಪುಟ್ಟಿ, ಪೆನ್ನು ತಗೋ. 25 ಡಿಗ್ರಿ ಇರೋ 1 ಲೀಟರ್ ನೀರು ಕುದಿಯೋ ಹಂತಕ್ಕೆ ಬರೋಕೆ 75 ಕಿಲೋಕ್ಯಾಲರಿ ಶಾಖ ಬೇಕು. ದೊಡ್ಡವರೊಬ್ಬರು ದಿನಕ್ಕೆ ತಿನ್ನೋ ಊಟದಲ್ಲಿ ಇರೋದು ಸುಮಾರು 2,000 ಕಿಲೋಕ್ಯಾಲರಿ. ಅಂದ್ರೆ ನಿನ್ನ ಮಾಂತ್ರಿಕನ ಶಕ್ತಿ ಅವನ ಮೈಯಿಂದಲೇ ಬರುತ್ತೆ ಅಂತಿಟ್ಕೊಂಡ್ರೆ, ಒಂದು ಚೂರೂ ಪೋಲಾಗದೆ ಇದ್ರೂ 26 ಲೀಟರ್ ಕುದಿಸೋ ಹೊತ್ತಿಗೆ ಅವನ ಒಂದಿಡೀ ದಿನದ ಊಟ ಖರ್ಚಾಗಿರುತ್ತೆ. ಎರಡು ಬಕೆಟ್ ನೀರು, ಅಷ್ಟೇ! ಕಂದಕ 100 ಮೀಟರ್ ಉದ್ದ, 5 ಮೀಟರ್ ಅಗಲ, 2 ಮೀಟರ್ ಆಳ ಅಂದ್ರೆ 10 ಲಕ್ಷ ಲೀಟರ್. ಅದಕ್ಕೆ ಬೇಕಾಗೋದು ಏಳೂವರೆ ಕೋಟಿ ಕಿಲೋಕ್ಯಾಲರಿ, ಒಬ್ಬ ಮನುಷ್ಯನ ನೂರು ವರ್ಷಕ್ಕೂ ಜಾಸ್ತಿ ಊಟ.

ಈಗ ಕತೆ ಹೇಗೆ ತಿರುಗ್ತು ನೋಡು. ಆ ನೂರು ವರ್ಷ ಎಲ್ಲಿಂದ ಬಂತು? ಅವನ ಆಯುಷ್ಯದಿಂದಲಾ? ಕೋಟೆಯೊಳಗೆ ನಿದ್ದೆ ಮಾಡ್ತಿರೋ ಸಾವಿರ ಜನರಿಂದ, ಒಬ್ಬೊಬ್ಬರಿಂದ ಒಂದೂಕಾಲು ತಿಂಗಳ ಬಲದಂತೆ ಎಳ್ಕೊಂಡ್ನಾ? ಅವರನ್ನ ಕೇಳಿದ್ನಾ, ಕೇಳದೆ ಎಳ್ಕೊಂಡ್ನಾ? ಬೆಳಿಗ್ಗೆ ಏಳೋಕಾಗದ ಮಕ್ಕಳ ತಾಯಂದಿರಿಗೆ ಏನು ಹೇಳ್ತಾನೆ? ನಿನ್ನ ಫ್ರೆಂಡ್ಸ್ ಸಪ್ಪೆ ಅಂದಿದ್ದು ಮಂತ್ರ ದೊಡ್ಡದಾಯ್ತು ಅಂತಲ್ಲ, ಅದಕ್ಕೆ ಯಾರೂ ಏನೂ ತೆರಲಿಲ್ಲ ಅಂತ. ಕ್ಯಾಲರಿ ಲೆಕ್ಕವೇ ಆಗ್ಬೇಕು ಅಂತಿಲ್ಲ. ನೆನಪು ಹೋಗ್ಬಹುದು, ಕಣ್ಣು ಮಂಜಾಗ್ಬಹುದು, ಹಾಕಿದ ಮಂತ್ರ ಮತ್ತೆ ಆ ವರ್ಷ ಫಲಿಸದೆ ಹೋಗ್ಬಹುದು. ಆದ್ರೆ ಬೆಲೆ ಒಂದೇ ಇರ್ಲಿ, ಮೊದಲಿಂದ ಕೊನೇವರೆಗೂ ಅದೇ ಇರ್ಲಿ.

ಇನ್ನೊಂದು, ಇದು ತುಂಬ ಮುಖ್ಯ. ಕೊನೆಯ ಯುದ್ಧದಲ್ಲಿ ಬಳಸೋ ಮಂತ್ರವನ್ನ ಕತೆಯ ಮೊದಲ ಕಾಲು ಭಾಗದಲ್ಲೇ, ಸಣ್ಣ ಕೆಲಸಕ್ಕೆ, ಒಂದ್ಸಲ ತೋರಿಸ್ಬಿಡು. ಒಂದು ಚೆಂಬು ನೀರು ಬೆಚ್ಚಗೆ ಮಾಡಿ, ಆಮೇಲೆ ಗೋಡೆ ಹಿಡ್ಕೊಂಡು ಕೂತ್ಕೊಳ್ಳಲಿ, ಬೆರಳು ನಡುಗಲಿ, ಯಾರೋ ಕೊಟ್ಟ ರೊಟ್ಟಿಯನ್ನ ನಾಚಿಕೆ ಬಿಟ್ಟು ಗಬಗಬ ತಿನ್ನಲಿ. ನಿಯಮ ಏನು ಅಂತ ಅರ್ಧ ಪುಟ ವಿವರಣೆ ಬರಿಯೋ ಅಗತ್ಯವೇ ಬೀಳಲ್ಲ. ಕಂದಕದ ಮುಂದೆ ಅವನು ನಿಂತಾಗ ಓದೋರ ಎದೆ ತಾನಾಗೇ ಢವಗುಟ್ಟುತ್ತೆ. ಕೊನೇ ಅಧ್ಯಾಯದಲ್ಲಿ ಜೋಳಿಗೆಯಿಂದ ಹೊಸ ಮಂತ್ರ ತೆಗೆಯೋ ಕತೆಯನ್ನ ನಾನಂತೂ ಕ್ಷಮಿಸಲ್ಲ.

ಹಾಗೇ ಕುದುರೆ. ಫ್ಯಾಂಟಸೀಲಿ ಕುದುರೆಯನ್ನ ಮೋಟರ್ ಬೈಕ್ ಥರ ಓಡಿಸ್ತಾರೆ, ಅದೂ ಹಗಲೂ ರಾತ್ರಿ. ನಾಗಾಲೋಟ ಕೆಲವು ಕಿಲೋಮೀಟರ್ ಮಾತ್ರ ಸಾಧ್ಯ, ಆಮೇಲೆ ಕುದುರೆ ಬೀಳುತ್ತೆ. ನಡಿಗೆ, ಕುಕ್ಕುಲೋಟ ಬೆರೆಸಿ ದಿನಕ್ಕೆ 40ರಿಂದ 50 ಕಿಲೋಮೀಟರ್ ಹಾಕ್ಕೊಂಡ್ರೆ ನಂಬೋ ಹಾಗಿರುತ್ತೆ. ಹುಲ್ಲಿಲ್ಲದ ಜಾಗ ಆದ್ರೆ ಒಂದು ಕುದುರೆಗೆ ದಿನಕ್ಕೆ ಕಾಳು ಮೇವು ಸೇರಿ ಸುಮಾರು 10 ಕಿಲೋ ಬೇಕು. ಹೇರು ಹೊರೋ ಕುದುರೆ 100 ಕಿಲೋ ಹೊರುತ್ತೆ ಅಂದ್ರೆ, ಹತ್ತು ದಿನಕ್ಕೆ ತಾನು ಹೊತ್ತಿದ್ದನ್ನ ತಾನೇ ತಿಂದು ಮುಗಿಸಿರುತ್ತೆ. ಮರುಭೂಮಿ ದಾಟೋ ಸೈನ್ಯದ ಕತೆ ಬರೆಯೋರಿಗೆ ಈ ಒಂದು ಲೆಕ್ಕದಲ್ಲೇ ಅರ್ಧ ಕತೆ ಸಿಗುತ್ತೆ.

ಮಾವನಿಗೆ ಇಷ್ಟ ಆಗೋ ಬಾಹ್ಯಾಕಾಶದ ಕಡೆ ಬರ್ತೀನಿ. ಅಲ್ಲಿ ನನ್ನ ಮೊದಲ ಪರೀಕ್ಷೆ ಮಾತುಕತೆ. ಭೂಮಿಯಿಂದ ಮಂಗಳಕ್ಕೆ ರೇಡಿಯೋ ಸಂದೇಶ ತಲುಪೋಕೆ ಗ್ರಹಗಳು ಹತ್ರ ಇದ್ದಾಗ 3 ನಿಮಿಷ, ದೂರ ಇದ್ದಾಗ 22 ನಿಮಿಷ. ಕೇಳಿದ ಪ್ರಶ್ನೆಗೆ ಉತ್ತರ ಬರೋಕೆ ಅದರ ಎರಡರಷ್ಟು. 2012ರ ಆಗಸ್ಟಿನಲ್ಲಿ ಕ್ಯೂರಿಯಾಸಿಟಿ ರೋವರ್, ಅಂದ್ರೆ ನಾಸಾದವರ ಜನರಿಲ್ಲದ ಗಾಡಿ, ಮಂಗಳದಲ್ಲಿ ಇಳಿದಾಗ ಸಂದೇಶಕ್ಕೆ ಸುಮಾರು 14 ನಿಮಿಷ ಹಿಡೀತಿತ್ತು, ಆದ್ರೆ ವಾತಾವರಣಕ್ಕೆ ನುಗ್ಗಿ ನೆಲ ಮುಟ್ಟೋದಕ್ಕೆ ಬೇಕಾಗಿದ್ದು ಬರೀ 7 ನಿಮಿಷ. ‘ನುಗ್ತಿದೀನಿ’ ಅನ್ನೋ ಸುದ್ದಿ ಇಲ್ಲಿಗೆ ಬರೋ ಹೊತ್ತಿಗೆ ಅಲ್ಲಿ ಅದು ಇಳಿದೋ ಒಡೆದೋ ಏಳು ನಿಮಿಷ ಆಗಿಹೋಗಿತ್ತು. ಇದಕ್ಕಿಂತ ಒಳ್ಳೆ ನಾಟಕ ಬೇಕಾ? ಇಷ್ಟೆಲ್ಲ ಇಟ್ಕೊಂಡು, ಮಂಗಳದಲ್ಲಿರೋ ಹೆಂಡತಿ ಜೊತೆ ಭೂಮಿಯಿಂದ ವಿಡಿಯೋ ಕಾಲ್‌ನಲ್ಲಿ ತಡವಿಲ್ಲದೆ ಜಗಳ ಆಡಿಸ್ತಾರಲ್ಲ, ನಂಗೆ ನಿಜಕ್ಕೂ ಸಂಕಟ ಆಗುತ್ತೆ. ಬೈದ ಮಾತು ಹೋಗಿ ಮುಟ್ಟೋಕೆ ಮುಂಚೆಯೇ ಪಶ್ಚಾತ್ತಾಪ ಪಡೋ ಗಂಡನನ್ನ ಬರೀಬಹುದಿತ್ತು!

ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವೆರ್ನ್ 1865ರಲ್ಲೇ ಚಂದ್ರನಿಗೆ ಹೋಗೋಕೆ 900 ಅಡಿ ಉದ್ದದ ಫಿರಂಗಿಯ ಕತೆ ಬರೆದ. ಚಂದ್ರನ ಕಡೆ ಹೊರಡೋಕೆ ಸೆಕೆಂಡಿಗೆ 11 ಕಿಲೋಮೀಟರ್ ವೇಗ ಬೇಕು ಅನ್ನೋ ಲೆಕ್ಕ ಸರಿಯಾಗೇ ಇದೆ. ಆದ್ರೆ ಆ ವೇಗ ಅಷ್ಟು ಗಿಡ್ಡ ನಳಿಗೆಯಲ್ಲೇ ಬರಬೇಕಾದ್ರೆ ಒಳಗಿದ್ದೋರ ಮೈಮೇಲೆ ಗುರುತ್ವದ ಇಪ್ಪತ್ತು ಸಾವಿರ ಪಟ್ಟಿಗೂ ಜಾಸ್ತಿ ಒತ್ತಡ ಬೀಳುತ್ತೆ, ಯಾರೂ ಉಳಿಯಲ್ಲ. ಆದ್ರೂ ಆ ಪುಸ್ತಕದ ಬಗ್ಗೆ ನಂಗೆ ಗೌರವ, ಯಾಕಂದ್ರೆ ಅವನು ಲೆಕ್ಕ ಮಾಡೋಕೆ ಕೂತ. ಲೆಕ್ಕ ತಪ್ಪೋದು ಬೇರೆ, ಲೆಕ್ಕವೇ ಬೇಡ ಅನ್ನೋದು ಬೇರೆ.

ಕತೇಲಿ ಬರೋ ದೈತ್ಯರು ನಿಜಕ್ಕೂ ಇರೋಕಾಗುತ್ತಾ ಅಂತ ಅತ್ತೆ ಕೇಳಿದ್ರು. ಮನುಷ್ಯನನ್ನ ಎಲ್ಲ ಕಡೆಗೂ ಹತ್ತು ಪಟ್ಟು ಹಿಗ್ಗಿಸಿದ್ರೆ ತೂಕ ಸಾವಿರ ಪಟ್ಟು, ಮೂಳೆಯ ದಪ್ಪ, ಅಂದ್ರೆ ಅಡ್ಡ ಕೊಯ್ದಾಗ ಕಾಣೋ ಭಾಗ, ನೂರೇ ಪಟ್ಟು. ನಿಂತ ಕೂಡ್ಲೇ ತೊಡೆ ಮೂಳೆ ಮುರಿಯುತ್ತೆ. ಫ್ಯಾಂಟಸಿಯಾದ್ರೆ ಇದನ್ನೇ ಒಂದು ಸುಳ್ಳಾಗಿ ಒಪ್ಕೊಂಡು ಮುಂದೆ ಹೋಗೋಣ. ಸೈನ್ಸ್ ಫಿಕ್ಷನ್ ಆದ್ರೆ ಆನೆ ಥರ ಕಂಬದಂಥ ಕಾಲು ಕೊಡಿ.

ಸಿನಿಮಾದಲ್ಲಿ ಬಾಹ್ಯಾಕಾಶದಲ್ಲೂ ಸ್ಫೋಟದ ಸದ್ದು ಕೇಳಿಸ್ತಾರೆ. ಗಾಳಿಯಿಲ್ಲದ ಕಡೆ ಸದ್ದಿಲ್ಲ ನಿಜ, ಆದ್ರೆ ಅದನ್ನ ನಾನು ಹಿನ್ನೆಲೆ ಸಂಗೀತ ಅಂತ ಬಿಟ್ಬಿಡ್ತೀನಿ. ಕಾಲಯಾನದಲ್ಲಿ ಬಿಡಲ್ಲ. ಹಿಂದಿನದನ್ನ ಬದಲಾಯಿಸೋಕಾಗುತ್ತೋ ಇಲ್ವೋ, ಒಂದೇ ತೀರ್ಮಾನ ಇರ್ಬೇಕು. ಮಧ್ಯದಲ್ಲಿ ಅನುಕೂಲಕ್ಕೆ ತಕ್ಕ ಹಾಗೆ ಬದಲಾದ್ರೆ ಆ ಪುಸ್ತಕ ಅಲ್ಲಿಗೇ ಮುಚ್ಚೋದು.

ಪುಟ್ಟಿ, ಕತೆ ಪೂರ್ತಿ ತಿದ್ದೋಕೆ ಹೋಗ್ಬೇಡ. ಮೊದಲು ಒಂದು ಚೀಟೀಲಿ ಎರಡೇ ವಾಕ್ಯ ಬರಿ: ಮಂತ್ರದಿಂದ ಏನು ಆಗಲ್ಲ, ಆದಾಗ ಯಾರು ಏನು ಕಳ್ಕೊಳ್ತಾರೆ. ಆ ಚೀಟಿ ಎದುರಿಗಿಟ್ಕೊಂಡು ಚೆಂಬಿನ ಸೀನ್ ಸೇರಿಸು, ಆಮೇಲೆ ಕಂದಕದ ಸೀನ್ ಮಾತ್ರ ಹೊಸದಾಗಿ ಬರೆದು ಗ್ರೂಪಿಗೆ ಹಾಕು. ಮಾವ, ಮೊದಲು ಓದೋದು ನೀವೇ ಆಗ್ಬೇಕು.